ಅಲುಗಾಡಿಸಿದರೆ ಸದ್ದು ಬರಬಾರದು

ಕೊಕ್ಕೆಗಳಿಗೆ ನೇತುಹಾಕಿದ ಕವರುಗಳೆಲ್ಲ ಫ್ಯಾನಿನ ಗಾಳಿಗೆ ಒಂದಕ್ಕೊಂದು ಭುಜ ತಾಗಿಸಿಕೊಂಡು ತೂಗುತ್ತಿವೆ, ಕೆಂಪು, ಕಪ್ಪು, ಹೊಳೆಯುವ ನೀಲಿ, ಒಂದಕ್ಕಂತೂ ಮೇಲೆ ಬೆಕ್ಕಿನ ಕಿವಿ — ಟ್ಯಾಬಿಗೆ ಯಾಕಪ್ಪ ಬೆಕ್ಕಿನ ಕಿವಿ, ಬಿದ್ದರೆ ಮೊದಲು ಹೋಗುವುದೇ ಅದು, ಚಾಚಿಕೊಂಡದ್ದು ಯಾವುದೂ ಉಳಿಯುವುದಿಲ್ಲ, ಇಷ್ಟು ವರ್ಷ ಗಾಜಿನ ಸಾಮಾನು ಪ್ಯಾಕ್ ಮಾಡಿ ಅವನು ಕಲಿತದ್ದು ಏನಾದರೂ ಇದ್ದರೆ ಇದೇ, ಮೊದಲು ಪೆಟ್ಟು ತಿನ್ನುವುದು ಮೂಲೆ, ಆಮೇಲೆ ಅಂಚು, ಹೊಟ್ಟೆಯ ಸರದಿ ಬರುವುದು ಕೊನೆಗೆ. ದಪ್ಪನೆಯ ಕಪ್ಪು ಕವರೊಂದನ್ನು ಕೊಕ್ಕೆಯಿಂದ ಬಿಡಿಸಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. ಅಂಗಡಿಯವನು ನಕ್ಕ, ತೆಂಗಿನಕಾಯಿ ನೋಡ್ದಂಗೆ ನೋಡ್ತಿದೀರಲ್ಲ ಯಜಮಾನ್ರೆ, ಒಳಗೆ ನೀರಿಲ್ಲ ಅದ್ರಲ್ಲಿ. ನಗಲಿ, ನಗುವುದಕ್ಕೇನು, ಗೋದಾಮಿನಲ್ಲಿ ಕೆಲಸ ಕಲಿಸಿದ ಹುಲ್ಲಜ್ಜನೂ ಹೀಗೇ ಕಟ್ಟಿದ ಪೆಟ್ಟಿಗೆಗಳನ್ನು ಕಿವಿಗಿಟ್ಟು ಅಲುಗಾಡಿಸುತ್ತಿದ್ದ, ಫೋಮ್ ಗೀಮ್ ಇಲ್ಲದ ಕಾಲದಲ್ಲಿ ಹುಲ್ಲು ತುರುಕಿ ಕಟ್ಟುತ್ತಿದ್ದವನು, ಅದಕ್ಕೇ ಆ ಹೆಸರು, ಒಂದು ಕಿಣಿ ಅಂದರೂ ಸಾಕು, ಬಿಚ್ಚು ಅಂತ ಮುಖಕ್ಕೆ ತಳ್ಳುತ್ತಿದ್ದ, ಒಳಗಿರೋದು ಉಸಿರೆತ್ತಬಾರ್ದು ಕಣಯ್ಯ, ಉಸಿರೆತ್ತಿತೋ ದಾರೀಲೇ ಚೂರು. ಪಕ್ಕದ ಗೂಡಂಗಡಿಯಲ್ಲಿ ಡೂಪ್ಲಿಕೇಟ್ ಕೀ ಮಾಡುವವನ ಯಂತ್ರ ಕಿರ್ರ್ ಅಂತ ಹಲ್ಲು ಕಡಿಯುತ್ತಿದೆ, ಮಧ್ಯೆ ಒಂದು ಗಳಿಗೆ ಬಿಡುತ್ತದೆ, ಮತ್ತೆ ಕಿರ್ರ್, ಈ ಗಲಾಟೆಯಲ್ಲಿ ಕವರೊಳಗಿನ ಸದ್ದು ಕೇಳುವುದು ಹೇಗೆ. ಕೆಳಗೆ ನೋಡಿದ. ಮಗಳು, ಮರಿ, ಗಾಜಿನ ಕೌಂಟರಿಗೆ ಒರಗಿ ನಿಂತಿದ್ದಾಳೆ, ಎದೆಗೆ ಅವುಚಿದ ಟ್ಯಾಬನ್ನು ಈಗ ಒಂದು ತೋಳಿನ ಮೇಲೆ ಮಲಗಿಸಿಕೊಂಡು, ಬಲಗೈಯ ತೋರುಬೆರಳನ್ನು ಪರದೆಯ ಮೇಲೆ ಗಾಳಿಯಲ್ಲಿ ಎತ್ತಿ ಹಿಡಿದು. ಆ ಬೆರಳು. ಒತ್ತುವ ಮುಂಚೆ ಅದು ಹಾಗೇ ನಿಲ್ಲುತ್ತದೆ, ಒಂದೊಂದು ಸಲ ಎಷ್ಟೋ ಹೊತ್ತು, ಎಲ್ಲಿಗೆ ಇಳಿಯುತ್ತದೋ ನೋಡುವವರಿಗೆ ಗೊತ್ತಾಗುವುದಿಲ್ಲ, ಅವಳಿಗಾದರೂ ಗೊತ್ತಿರುತ್ತದಾ, ಅಥವಾ ನಾವೆಲ್ಲ ಬಾಯಿ ತೆರೆದು ಮಾತಿಗೆ ಹುಡುಕುತ್ತೇವಲ್ಲ ಹಾಗೇನಾ ಅದೂ.

ಮರಿಗೆ ಬಾಯಿಂದ ಮಾತು ಬರುವುದಿಲ್ಲ. ಕಿವಿ ಚೆನ್ನಾಗಿದೆ, ಬುದ್ಧಿ ಅದಕ್ಕಿಂತ ಚೆನ್ನಾಗಿದೆ, ನಾಲಿಗೆ ಮಾತ್ರ ಹೇಳಿದ್ದು ಕೇಳುವುದಿಲ್ಲ, ಅದಕ್ಕೇ ಟ್ಯಾಬ್, ಪರದೆಯ ತುಂಬ ಚೌಕ ಚೌಕ ಚಿತ್ರ, ಒತ್ತಿದರೆ ಅದು ಮಾತಾಡುತ್ತದೆ, ಮಾತಾಡುವುದು ಮರಿಯ ಚಿಕ್ಕಮ್ಮನ ದನಿಯಲ್ಲಿ, ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಕೂಗಿ ಹೇಳುವ ಕೆಲಸ ಅವಳದು, ನನ್ ಗಂಟಲು ಇರೋದೇ ಇದಕ್ಕೆ ಭಾವ, ಅಂತ ಒಂದು ಭಾನುವಾರ ಪೂರ್ತಿ ಕೂತು ಒಂದೊಂದೇ ಪದ ರೆಕಾರ್ಡ್ ಮಾಡಿಕೊಟ್ಟಳು, ಅಂದಿನಿಂದ ಮರಿಗೆ ಹಸಿವಾದರೆ ಹಸಿವು ಹೊರಡಲು ಸಿದ್ಧವಾಗಿ ನಿಂತಿದೆ ಅನ್ನುವ ಹಾಗೆ ಕೇಳಿಸುತ್ತದೆ. ಮನೆ ಅನ್ನುವ ಪದ ಹೇಳುವಾಗ ಯಾರೋ ಬಂದು ಕರೆಗಂಟೆ ಒತ್ತಿದ್ದರು, ಅದೂ ಸೇರಿಕೊಂಡಿದೆ, ಮನೆ ಟಿಣ್‌ಟಿಣ್, ಮತ್ತೆ ಮಾಡೋಣ ಅಂದರೆ ಮರಿ ಬಿಡಲಿಲ್ಲ, ಬೇಡ ಬೇಡ ಬೇಡ ಅಂತ ಚಿಕ್ಕಮ್ಮನ ದನಿಯಲ್ಲೇ ಚಿಕ್ಕಮ್ಮನನ್ನು ಗದರಿದಳು, ಅವಳ ಅಮ್ಮ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು. ಆ ಅಮ್ಮ ಈಗ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸುಬಟ್ಟೆ ಮಡಚುತ್ತಿರುತ್ತಾಳೆ, ಬೆಳಿಗ್ಗೆ ಹೇಳಿದ್ದಳು, ಗಟ್ಟಿ ಕವರು ಇವತ್ತೇ ತಗೊಂಡ್ಬನ್ನಿ, ನಾಳೆ ಅಂದ್ರೆ ನಾಳೆ, ಆ ಟೀಚರ್ ಹೇಳಿದ್ದು ಕೇಳಿಸ್ತಲ್ಲ. ಕೇಳಿಸಿದೆ. ನಿನ್ನೆ ಶಾಲೆಯ ಬಾಗಿಲಲ್ಲಿ ಟೀಚರ್ ದನಿ ತಗ್ಗಿಸಿ, ಬೇಜಾರ್ ಮಾಡ್ಕೋಬೇಡಿ, ಇವತ್ತೂ ಪಾಠದ ಮಧ್ಯೆ ಬೀಳಿಸಿದ್ಲು, ಇನ್ನೊಂದು ಸಲ ಬಿದ್ರೆ ಅದನ್ನ ನಾನು ಬೀರುನಲ್ಲಿ ಎತ್ತಿಡ್ಬೇಕಾಗತ್ತೆ, ಮನೆಗೆ ಹೋಗುವಾಗ ಕೊಡ್ತೀನಿ, ಅಷ್ಟು ಒಳ್ಳೇ ವಸ್ತು ಒಡೆದ್ರೆ ನಿಮ್ಗೇ ಕಷ್ಟ ಅಲ್ವಾ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಬೈಯುವ ಹಾಗೂ ಇಲ್ಲ. ಆದರೆ ಟ್ಯಾಬ್ ಬೀರುವಿನಲ್ಲಿ ಅಂದರೆ ಮಗಳ ನಾಲಿಗೆ ಬೀರುವಿನಲ್ಲಿ, ಬೀಗ ಹಾಕಿ, ದಿನವಿಡೀ. ಆಮೇಲೆ ಟೀಚರ್ ಇನ್ನೊಂದು ಮಾತೂ ಸೇರಿಸಿದ್ದರು, ಬೀಳಿಸಿದ ತಕ್ಷಣ ಅದರ ಮೇಲೇ ಬಗ್ಗಿ ಕೂತ್ಬಿಡ್ತಾಳೆ, ಎತ್ಕೊಳ್ಳೋಕೆ ಬಿಡೋದೇ ಇಲ್ಲ, ಪಾಪ, ಅವಳಿಗೂ ಹೆದರಿಕೆ ಆಗತ್ತೆ ಅನ್ಸತ್ತೆ.

ಹೆದರಿಕೆಯಾ? ಅದೇ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ ನಿನ್ನೆಯಿಂದ. ಮರಿಯ ಕೈ ಸಡಿಲ ಅಲ್ಲ, ತುಂಬಿದ ಲೋಟ ತಂದುಕೊಟ್ಟರೆ ನೆಲದ ಮೇಲೆ ಒಂದು ಹನಿ ಇರುವುದಿಲ್ಲ, ಮನೆಯಲ್ಲಿ ಈ ಟ್ಯಾಬ್ ಒಂದೇ ಒಂದು ಸಲವೂ ಬಿದ್ದದ್ದಿಲ್ಲ, ಶಾಲೆಗೆ ಹೋದರೆ ಮಾತ್ರ ಬೀಳುತ್ತದೆ, ಅಲ್ಲಿಯ ನೆಲಕ್ಕೇನು ಎಳೆಯುವ ಶಕ್ತಿ ಜಾಸ್ತಿಯಾ. ಒಡೆದು ವಾಪಸ್ ಬಂದ ಪೆಟ್ಟಿಗೆಯನ್ನು ಬೈಬೇಡ, ಕೇಳು ಅನ್ನುತ್ತಿದ್ದ ಹುಲ್ಲಜ್ಜ, ಎಲ್ಲಿ ಬಿದ್ದೆ ಯಾರ ಕೈಯಿಂದ ಬಿದ್ದೆ ಅಂತ ಅದೇ ಬಾಯಿಬಿಡತ್ತೆ, ಮೂಲೆ ನೋಡು, ಅಂಚು ನೋಡು, ಜಾರಿದ್ದು ಒಂದು ಥರ, ಎಸೆದದ್ದು ಇನ್ನೊಂದು ಥರ — ನಿನ್ನೆ ಊಟ ಆದ ಮೇಲೆ ಟ್ಯಾಬನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಜಾರಿ ಬಿದ್ದಿದ್ದರೆ ಗುರುತು ಒಂದೊಂದು ಸಲ ಒಂದೊಂದು ಕಡೆ ಇರಬೇಕು, ಎಸೆದಿದ್ದರೆ ಉಜ್ಜಿದ ಗೀರು ಇರಬೇಕು, ಇಲ್ಲಿ ಎಲ್ಲ ಪೆಟ್ಟೂ ಒಂದೇ ಮೂಲೆಗೆ, ತಾನೇ ಸುತ್ತಿದ ಫೋಮ್ ಅಲ್ಲೊಂದೇ ಕಡೆ ಜಜ್ಜಿ ಚಪ್ಪಟೆಯಾಗಿದೆ, ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು. ಅಂದರೆ ಹಿಡಿದು, ನೇರ ಮಾಡಿ, ಬಿಟ್ಟದ್ದು. ಬೇಕೆಂತಲೇ. ಯಾಕ್ ಮರಿ ಬೀಳಿಸ್ತೀಯ ಅಂತ ಮೆಲ್ಲಗೆ ಕೇಳಿದ, ಅವಳು ಅವನ ಮುಖ ನೋಡಿದಳು, ಬೆರಳು ಎತ್ತಿದಳು, ಬೆರಳು ನೀರಿನ ಮೇಲೆ ಹೋಯಿತು, ಮನೆಯ ಮೇಲೆ ಹೋಯಿತು, ನೋವಿನ ಮೇಲೆ ನಿಂತಿತು, ಅಲ್ಲ, ಅಲ್ಲಿಂದಲೂ ಹೊರಟಿತು, ಎಲ್ಲೂ ಇಳಿಯದೆ ವಾಪಸ್ ಮಡಿಲಿಗೆ ಬಂತು. ಚಿಕ್ಕಮ್ಮ ಅಷ್ಟೊಂದು ಪದ ಹೇಳಿದ್ದಾಳೆ, ಇದಕ್ಕೆ ಬೇಕಾದ ಪದ ಅದರಲ್ಲಿಲ್ಲ. ಎಂಥದಿರಬಹುದು ಆ ಪದ. ಯಾರಾದರೂ ಅಣಕಿಸುತ್ತಾರಾ, ಪಾಠ ಬೇಜಾರಾ, ಚಿಕ್ಕಮ್ಮನ ದನಿ ಸಾಕಾಯಿತಾ. ಗೊತ್ತಾಗದಿದ್ದರೆ ಬಿಡು, ಪ್ಯಾಕ್ ಮಾಡುವವನ ಕೆಲಸ ಬೀಳದ ಹಾಗೆ ನೋಡಿಕೊಳ್ಳುವುದಲ್ಲ, ಬಿದ್ದರೂ ಒಡೆಯದ ಹಾಗೆ ನೋಡಿಕೊಳ್ಳುವುದು, ಶಾಲೆಗೆ ಸೇರಿಸುವಾಗ ಅದಕ್ಕೇ ಅಲ್ಲವಾ ಗೋದಾಮಿನ ಫೋಮ್ ತಂದು ಹಳೆಯ ಕವರಿನ ಸುತ್ತ ಎರಡು ಪದರ ಸುತ್ತಿ ಟೇಪ್ ಬಿಗಿದದ್ದು, ಬಿಗಿದು ನೀರು ಅನ್ನುವ ಚಿತ್ರ ಒತ್ತಿ ನೋಡಿದ್ದ, ನೀರು ಅಂತ ಕೇಳಿಸಿತ್ತು, ಮನೆಯೆಲ್ಲ ಮಲಗಿದ ಮೇಲೆ.

ಇದು ನೋಡಿ, ಅಂಗಡಿಯವನು ಒಳಗಿನಿಂದ ಒಂದು ಪೆಟ್ಟಿಗೆ ತಂದು ಬಿಚ್ಚುತ್ತಿದ್ದಾನೆ, ಯುದ್ಧಕ್ಕೆ ಹೊರಟವನ ಎದೆಕವಚದ ಹಾಗಿದೆ, ನಾಲ್ಕೂ ಮೂಲೆಗೆ ರಬ್ಬರಿನ ಗೂಟ, ಅಂಚಿಗೆ ತೂತೇ ಇಲ್ಲ, ಆನೆ ತುಳಿದ್ರೂ ಏನಾಗಲ್ಲ ಯಜಮಾನ್ರೆ. ಆನೆ ಇವಳ ಕ್ಲಾಸಿಗೆ ಸೇರಿಲ್ಲಪ್ಪ ಇನ್ನೂ. ಸೇರ್ಲಿ ಬಿಡಿ, ಸೇರಿದ್ರೂ ಏನಾಗಲ್ಲ, ನೀರು ಹೋಗಲ್ಲ, ಧೂಳು ಹೋಗಲ್ಲ, ಗಾಳೀನೂ ಹೋಗಲ್ಲ, ಅನ್ನುತ್ತ ಅದರೊಳಗೆ ತನ್ನದೊಂದು ಹಳೆಯ ಟ್ಯಾಬ್ ಹಾಕಿ ಸೊಂಟದ ಎತ್ತರದಿಂದ ಬಿಟ್ಟೇಬಿಟ್ಟ, ಅದು ನೆಲದ ಮೇಲೆ ಧೊಪ್ ಅಂತ ಮಲಗಿತು, ಪುಟಿಯಲಿಲ್ಲ, ಎತ್ತಿ ಕೊಟ್ಟ, ಅವನು ಕಿವಿಗಿಟ್ಟು ಅಲುಗಾಡಿಸಿದ, ಒಂದು ಸದ್ದಿಲ್ಲ, ಹುಲ್ಲಜ್ಜ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಪಕ್ಕದಲ್ಲಿ ಮರಿ ಅವನ ಅಂಗಿ ಜಗ್ಗಿದಳು. ಇರು ಮರಿ, ಒಂದ್ನಿಮಿಷ. ಇದಕ್ಕೆ ಹಿಡಿಕೆ ಬರತ್ತಾ? ಹಿಡಿಕೆ ಬೇರೆ ಬರತ್ತೆ. ಕಣ್ಣಂಚಿನಲ್ಲಿ ಆ ಬೆರಳು ಎದ್ದಿತು, ನಿಂತಿತು, ಇಳಿಯಿತು, ಮತ್ತೆ ಎದ್ದಿತು, ಇಳಿಯಿತು, ಏನೋ ಹೇಳುತ್ತಿದ್ದಾಳೆ, ಕಿರ್ರ್ ಅಂತ ಕೀ ಯಂತ್ರ, ಹಿಡಿಕೆ ತೋರ್ಸಿ ನೋಡೋಣ, ಭಾರ ಸ್ವಲ್ಪ ಜಾಸ್ತಿ ಆಯ್ತಲ್ವಾ, ಅಯ್ಯೋ ಗಟ್ಟಿ ಬೇಕು ಅಂದ್ರೆ ಭಾರ ಹೊರ್ಬೇಕು ಯಜಮಾನ್ರೆ, ಬೆರಳು ಇಳಿಯಿತು, ಎದ್ದಿತು, ಕಿರ್ರ್, ಅಂಗಿ ಜಗ್ಗಿದಳು, ಇರು ಅಂದೆನಲ್ಲ ಪುಟ್ಟ. ಆಗ ಅವಳು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಮೂಲೆ ಕೆಳಗೆ ಬರುವ ಹಾಗೆ ನೇರ ಮಾಡಿ, ನೆಲವನ್ನಲ್ಲ, ಅವನನ್ನೇ ನೋಡುತ್ತ, ಬಿಟ್ಟಳು.

ಯಂತ್ರ ನಿಂತಿತು. ಕೀ ಮಾಡುವವನು ಕನ್ನಡಕ ಮೇಲೆತ್ತಿ ನೋಡಿದ, ಮೆಟ್ಟಿಲಿಳಿಯುತ್ತಿದ್ದ ಹೆಂಗಸು ಕಿವಿಯಿಂದ ಇಯರ್‌ಫೋನ್ ಕಿತ್ತು ನಿಂತಳು, ಅಂಗಡಿಯವನ ಬಾಯಿ ಅರ್ಧ ತೆರೆದು ನಿಂತಿತು, ಫ್ಯಾನ್ ಒಂದೇ ತಿರುಗುತ್ತಿದೆ, ಇಷ್ಟು ಹೊತ್ತೂ ಇಲ್ಲದ ಒಂದು ನಿಶ್ಶಬ್ದ ದೊಪ್ಪನೆ ಬಂದು ಕೂತಿತು, ಮರಿ ಅದಕ್ಕೇ ಕಾದಿದ್ದವಳ ಹಾಗೆ ಕುಕ್ಕರಗಾಲಲ್ಲಿ ಕೂತು ಟ್ಯಾಬಿನ ಮೇಲೆ ಬಗ್ಗಿದಳು, ಅಂಗಡಿಯವನು ಅಯ್ಯಯ್ಯೋ ಎತ್ಕೊಳ್ಳಿ ಎತ್ಕೊಳ್ಳಿ ಅಂತ ಕೈ ಚಾಚಿದ, ಅಪ್ಪನ ಕೈಯೂ ಹೋಗಿತ್ತು, ಅಷ್ಟರಲ್ಲಿ ಅವಳ ಮುಖ ಕಂಡಿತು, ಹೆದರಿಕೆ ಇಲ್ಲ, ಅಳು ಇಲ್ಲ, ಅವಸರ ಇದೆ, ಬಸ್ಸು ಹೊರಟುಬಿಡುತ್ತದೆ ಅನ್ನುವಂಥ ಅವಸರ — ತಡೀರಿ, ಅಂದ ಅವನು, ಮುಟ್ಬೇಡಿ, ಯಾರೂ ಮಾತಾಡ್ಬೇಡಿ ಒಂದ್ ನಿಮಿಷ. ಬೆರಳು ಇಳಿಯಿತು. ಹಸಿರು, ಅಂತು ಟ್ಯಾಬ್. ಚಿಕ್ಕಮ್ಮನದೇ ದನಿ, ಆದರೆ ದಿಂಬಿನ ಕೆಳಗಿನಿಂದ, ಗೋಡೆಯಾಚೆಯಿಂದ, ಕಟ್ಟಿ ಸೀಲು ಹಾಕಿದ ಪೆಟ್ಟಿಗೆಯೊಳಗಿನಿಂದ. ಹಸಿರು. ಯಾವ ಹಸಿರು, ತಲೆ ಎತ್ತಿದರೆ ಬೆಕ್ಕಿನ ಕಿವಿಯ ಹಿಂದೆ, ಯಾರೂ ಮುಟ್ಟದ ಕೊಕ್ಕೆಯಲ್ಲಿ, ತೆಳ್ಳಗಿನ ಹಸಿರು ಕವರೊಂದು ತೂಗುತ್ತಿದೆ, ಆಗಿನಿಂದ ಅವಳು ಹೇಳುತ್ತಿದ್ದದ್ದು ಇದು, ತನಗೆ ಯಾವುದು ಬೇಕು ಅಂತ, ಅಷ್ಟು ಸಲ ಒತ್ತಿ ಒತ್ತಿ ಹೇಳಿದ್ದಾಳೆ, ಪಕ್ಕದಲ್ಲೇ ನಿಂತ ಅಪ್ಪನಿಗೆ ಕೇಳಿಸಿಲ್ಲ, ಒಂದು ಯಂತ್ರದ ಗಲಾಟೆಗೇ ಕೇಳಿಸಿಲ್ಲ, ಹಾಗಾದರೆ ಕ್ಲಾಸಿನಲ್ಲಿ, ಅಷ್ಟು ಬಾಯಿಗಳ ಮಧ್ಯೆ — ಓ, ಅದಾ. ಒತ್ತುತ್ತಾಳೆ, ಕೇಳಿಸುವುದಿಲ್ಲ, ಒತ್ತುತ್ತಾಳೆ, ಕೇಳಿಸುವುದಿಲ್ಲ, ಬಿಡುತ್ತಾಳೆ, ಧೊಪ್, ಕ್ಲಾಸು ಗಪ್‌ಚಿಪ್, ಆ ಒಂದು ಗಳಿಗೆಯ ನಿಶ್ಶಬ್ದ ಅವಳದು, ಬಗ್ಗಿ ಕೂತು ಹೇಳಬೇಕಾದ್ದು ಹೇಳಿಬಿಡಬೇಕು, ಅಷ್ಟರಲ್ಲಿ ಅಯ್ಯೋ ಬಿತ್ತು ಅಂತ ಎಲ್ಲರೂ ಶುರು, ಟೀಚರ್ ಓಡಿ ಬಂದು ಎತ್ತಿಕೊಂಡರೆ ಮುಗಿಯಿತು, ಎತ್ತಿಕೊಳ್ಳಲು ಬಿಡುವುದಿಲ್ಲವಂತೆ, ಹೇಗೆ ಬಿಟ್ಟಾಳು, ಅರ್ಧ ಮಾತಿನಲ್ಲಿ ನಾಲಿಗೆ ಕಿತ್ತುಕೊಳ್ಳಲು ಯಾರು ಬಿಡುತ್ತಾರೆ. ಬಿದ್ದು ಒಡೆಯಬಾರದೆಂದು ಸುತ್ತಿದ ಫೋಮು, ಆ ಫೋಮಿನಿಂದಲೇ ಬೀಳುತ್ತಿರುವುದು ಟ್ಯಾಬ್. ಒಳಗಿರೋದು ಉಸಿರೆತ್ತಬಾರ್ದು ಕಣಯ್ಯ. ಗಾಜಿನ ಲೋಟಕ್ಕೆ ಸರಿ ಅಜ್ಜ, ಅದು ಏನನ್ನೂ ಹೇಳುವುದಿಲ್ಲ.

ನೆಲದ ಮೇಲೆ ಅವನೂ ಕೂತ. ಟೇಪಿನ ತುದಿ ಉಗುರಿಗೆ ಸಿಗುವುದಿಲ್ಲ, ಎಷ್ಟು ಬಿಗಿಯಾಗಿ ಕಟ್ಟಿದ್ದಾನೆ ಪುಣ್ಯಾತ್ಮ, ತನ್ನ ಕೆಲಸದ ಅಚ್ಚುಕಟ್ಟಿಗೆ ತಾನೇ ಬೈದುಕೊಳ್ಳುತ್ತ ಹಲ್ಲಿನಿಂದ ಎಳೆದ, ಫೋಮ್ ಚರ್ರನೆ ಕಿತ್ತು ಬಂತು, ಕವರೂ ಬಂತು, ಬರಿಮೈಯ ಟ್ಯಾಬ್ ಎಷ್ಟು ತೆಳ್ಳಗಿದೆ, ಅಂಚಿನಲ್ಲಿ ದನಿ ಹೊರಬರುವ ಸಣ್ಣ ತೂತುಗಳ ಎರಡು ಸಾಲು, ಬಾಯಿಗೆ ಬಟ್ಟೆ ತುರುಕಿದ್ದು ಇಲ್ಲಿಗೆ. ಈಗ ಹೇಳು ಮರಿ. ಹಸಿರು! — ನಿಲ್ದಾಣದ ಕೊನೆಯ ಕಂಬದವರೆಗೂ ಮುಟ್ಟುವಂಥ ದನಿ, ಮೆಟ್ಟಿಲ ಮೇಲಿನ ಹೆಂಗಸು ಬೆಚ್ಚಿ ನಕ್ಕಳು, ಕೀ ಮಾಡುವವನು ಕಿವಿ ಉಜ್ಜಿಕೊಂಡ, ನನ್ ಮಷೀನೇ ವಾಸಿ ಅನ್ನಿಸ್ಬಿಟ್ಯಲ್ಲಮ್ಮ. ಮರಿ ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು, ಏನೂ ಬೀಳಲಿಲ್ಲ, ಆದರೂ ಎಲ್ಲರೂ ತಿರುಗಿದ್ದಾರೆ. ಅಂಗಡಿಯವನು ಹಸಿರು ಕವರನ್ನು ಮನಸ್ಸಿಲ್ಲದ ಮನಸ್ಸಿನಿಂದ ಇಳಿಸಿದ, ಇದು ಬರೀ ಶೋಕಿಗೆ ಯಜಮಾನ್ರೆ, ಅಂಚೆಲ್ಲ ತೆರೆದೇ ಇದೆ ನೋಡಿ, ಸ್ಪೀಕರ್ ಕೂಡ ಮುಚ್ಚಲ್ಲ, ಬಿದ್ರೆ ನನ್ನ ಕೇಳ್ಬೇಡಿ. ಮುಚ್ಚಲ್ವಾ? ಇಲ್ಲ. ಹಾಗಾದ್ರೆ ಅದೇ ಕೊಡಿ. ಬಿದ್ರೆ? ಬೀಳಲ್ಲ, ಅಂದ, ಅಂದ ಮೇಲೆ ಒಳಗೇ ಒಂದು ಪೆಟ್ಟಿಗೆ ಅಲುಗಾಡಿದ ಹಾಗಾಯಿತು, ಯಾರಿಗೆ ಗೊತ್ತು, ಬಿರುಕು ಇದ್ದೇ ಇದೆ, ಅಭ್ಯಾಸಬಲದಿಂದ ಇನ್ನೊಂದು ಸಲ ಬಿಟ್ಟರೆ ಮುಗಿಯಿತು, ನಾಳೆ ಟೀಚರಿಗೆ ಹೇಳಬೇಕು, ಬಿದ್ದರೂ ಎತ್ಬೇಡಿ, ಬೈಬೇಡಿ, ಒಂದು ಗಳಿಗೆ ಎಲ್ಲರೂ ಸುಮ್ಮನಿರಿ ಅಂತ, ಒಪ್ಪುತ್ತಾರಾ, ನಗುತ್ತಾರಾ, ಇಷ್ಟು ದಿನ ಪಾಠದ ಮಧ್ಯೆ ಇವಳು ಏನು ಹೇಳಲು ಹೊರಟಿದ್ದಳೋ ಅದಾದರೂ ಏನು, ಉತ್ತರ ಗೊತ್ತು ಅಂತಲಾ, ಗೊತ್ತಿಲ್ಲ ಅಂತಲಾ, ಪಕ್ಕದ ಹುಡುಗಿಯ ಜಡೆ ಬಿಚ್ಚಿದೆ ಅಂತಲಾ. ಹಸಿರು ಕವರಿನಲ್ಲಿ ಟ್ಯಾಬ್ ಕೂತಿತು, ಮರಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಕೀ ಮಾಡುವವನು ಯಂತ್ರದ ಗುಂಡಿಗೆ ಕೈ ಹಾಕಿ, ಮತ್ತೆ ತೆಗೆದ, ಅಂಗಡಿಯವನು ಚಿಲ್ಲರೆ ಹಿಡಿದುಕೊಂಡೇ ನಿಂತ, ಅವಳು ಬೆರಳು ಎತ್ತಿದ್ದಾಳೆ, ಬೆರಳು ಹಸಿರನ್ನು ದಾಟಿತು, ನೀರನ್ನು ದಾಟಿತು, ಮನೆಯನ್ನು ದಾಟಿತು, ಅವಳು ಎಂದೂ ಮುಟ್ಟದ ಕೊನೆಯ ಸಾಲಿಗೆ ಬಂತು, ಅಲ್ಲಿ ಏನೇನಿದೆ, ಅವನಿಗೇ ನೆನಪಿಲ್ಲ, ಬಗ್ಗಿದರೆ ಅವಳ ತಲೆ ಅಡ್ಡ, ಬೆರಳು ನಿಂತಿತು, ಗಾಳಿಯಲ್ಲಿ, ಪರದೆಗೆ ಒಂದು ಅಕ್ಕಿಕಾಳಿನಷ್ಟು ದೂರ, ತುದಿಯಲ್ಲಿ ಪರದೆಯ ಬೆಳಕು, ಆ ಬೆರಳು —