ಮೂರೂವರೆಯ ಸಣ್ಣ ಮುಳ್ಳು

ಮುಂದೆ ಕೂತವನ ಕಾಲರು ಎಡಗಡೆಗೆ ಒಂದು ನೂಲಿನಷ್ಟು ಹೆಚ್ಚು ಹೋಗಿದೆ, ಯಾವ ಪುಣ್ಯಾತ್ಮ ಹೊಲಿದನೋ, ಒಳಗಿನ ಗಟ್ಟಿಬಟ್ಟೆಯನ್ನು ಸರಿಯಾಗಿ ಕೂರಿಸದೆ ಮಿಷನ್ನು ಓಡಿಸಿಬಿಟ್ಟಿದ್ದಾನೆ, ಇನ್ನು ನಾಲ್ಕು ಸಲ ಒಗೆದರೆ ತುದಿ ಸುರುಳಿ ಸುತ್ತಿಕೊಳ್ಳುತ್ತದೆ, ತನ್ನ ಕೈಗೆ ಕೊಟ್ಟಿದ್ದರೆ ಎರಡು ನಿಮಿಷದ ಕೆಲಸ — ಅಯ್ಯೋ ಕಾಲರಕ್ಕ, ಕಾಲರು ನೋಡೋಕೆ ಬಂದೆಯಾ ಇಲ್ಲಿಗೆ, ಪ್ರಶ್ನೆ ನೋಡು. ಎಪ್ಪತ್ತೆರಡು ಮುಗಿದಿದೆ, ಇನ್ನು ಇಪ್ಪತ್ತೆಂಟು, ನಾಲ್ಕಕ್ಕೆ ಕೊನೆಯ ಗಂಟೆ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಶಾಲೆ ಮಕ್ಕಳ ಅಂಗಿಗೆ ಕಾಲರು ಮಾತ್ರ ಹೊಲಿದು ಹೊಲಿದು ಹೆಸರೇ ಕಾಲರಕ್ಕ ಎಂದಾಗಿದೆ, ಅಂಗಿ ಪೂರ್ತಿ ಹೊಲಿದದ್ದು ಒಮ್ಮೆಯೂ ಇಲ್ಲ, ತೋಳು ಒಬ್ಬಳದು, ಜೇಬು ಒಬ್ಬಳದು, ಕೊರಳು ಮಾತ್ರ ತನ್ನದು. ಮೂವತ್ತೊಂಬತ್ತು ತುಂಬಿದೆ, ನಲವತ್ತಾದರೆ ಈ ಗುಮಾಸ್ತರ ಪರೀಕ್ಷೆಗೆ ಅರ್ಜಿಯನ್ನೇ ಹಾಕುವಂತಿಲ್ಲ, ಹಾಗಾಗಿ ಇದೇ ಮೊದಲನೆಯದು, ಇದೇ ಕೊನೆಯದು. ಕೆಳಗಿನ ಕೊಠಡಿಯಲ್ಲಿ ಮಗಳು ಇದೇ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದಾಳೆ, ಅವಳಿಗಿದು ಮೂರನೆಯ ಸಲ. ಗೇಟಿನ ಹತ್ತಿರ ಅಮ್ಮನ ಸೆರಗು ಸರಿಮಾಡಿ, ಅಮ್ಮಾ ಉತ್ತರದ ಸೊನ್ನೆ ಪೂರ್ತಿ ಕಪ್ಪು ಮಾಡು, ಗೆರೆ ಆಚೆ ಶಾಯಿ ಹೋಗಬಾರದು, ಗೊತ್ತಾಯ್ತಾ, ಎಂದಿದ್ದಳು, ಒಂದನೇ ತರಗತಿಗೆ ಬಿಡಲು ಬಂದವಳ ಹಾಗೆ. ಗೊತ್ತು ತಾಯಿ, ನೀನು ಮಾತ್ರ ತಲೆ ಎತ್ತಬೇಡ, ಅತ್ತಿತ್ತ ನೋಡಬೇಡ, ನಿನ್ನ ಹಾಳೆ ಬಿಟ್ಟು ಇನ್ನೇನೂ ನೋಡಬೇಡ ಎಂದು ತಾನೂ ಹೇಳಿದ್ದಳು, ಏಕೆಂದರೆ ಹೋದ ಸಲ ಮಗಳು ತಲೆ ಎತ್ತಿ ಪಕ್ಕದವರು ಪುಟ ತಿರುಗಿಸುವುದನ್ನು ನೋಡಿಯೇ ಗಾಬರಿಯಾಗಿ ಬರುವುದನ್ನೂ ತಪ್ಪಾಗಿ ಬರೆದು ಬಂದಿದ್ದಳು, ಒಂದೇ ಒಂದು ಅಂಕಕ್ಕೆ ಹೋಗಿತ್ತು.

ಒಂದು ಅಂಕ. ಅದಕ್ಕೆ ಹನ್ನೊಂದು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದಳು ಮಗಳು, ಅದೇ ಗೋಡೆಯ ಮೇಲೆ ಅವಳೇ ಅಂಟಿಸಿದ್ದ ಚೀಟಿ, ಸೋಲೇ ಗೆಲುವಿನ ಮೆಟ್ಟಿಲು, ಒಟ್ಟು ಎಷ್ಟು ಮೆಟ್ಟಿಲು ಅಂತ ಮಾತ್ರ ಯಾರೂ ಬರೆದಿಲ್ಲ. ಫೋನಿನಲ್ಲಿ ಕೋಟು ಹಾಕಿದವನೊಬ್ಬ ಏಳಿ, ಐದಕ್ಕೇ ಏಳಿ ಎಂದು ಕಿರುಚುತ್ತಿದ್ದ, ಮಗಳು ಮುಸುಕೆಳೆದುಕೊಳ್ಳುತ್ತಿದ್ದಳು, ಎದ್ದು ಕೂರುತ್ತಿದ್ದವಳು ತಾನು, ಎದ್ದದ್ದು ಎದ್ದಾಯಿತು ಎಂದು ಅವಳ ಪುಸ್ತಕ ತೆರೆದು, ಏನೇ ಇದು, ಶೇಕಡಾ ಅಂದ್ರೆ ನಮ್ಮ ಕಾರ್ಖಾನೇಲಿ ನೂರಕ್ಕೆ ಎಷ್ಟು ಪೀಸು ಕೆಟ್ಟಿತು ಅಂತ ಹೇಳ್ತಾರಲ್ಲ, ಅದೇನಾ, ಎಂದು ಕೇಳಿದ್ದೇ ಮುಸುಕಿನೊಳಗಿಂದ ಉತ್ತರ ಬಂತು, ಹನ್ನೊಂದು ದಿನದಲ್ಲಿ ಮೊದಲ ಮಾತು ಅದು. ಅಲ್ಲಿಂದ ಶುರು, ತಾನು ಪ್ರಶ್ನೆ ಓದುವುದು, ಅವಳು ಉತ್ತರ ಹೇಳುವುದು. ಅಮ್ಮಾ ನೀನೂ ಅರ್ಜಿ ಹಾಕು, ಜೊತೆಗಿದ್ರೆ ನಂಗೂ ಓದೋಕೆ ಮನಸ್ಸಾಗುತ್ತೆ ಎಂದಳು, ಹನ್ನೆರಡನೇ ತರಗತಿ ಪಾಸಾದ ಹಳೇ ಅಂಕಪಟ್ಟಿ ಪೆಟ್ಟಿಗೆಯ ತಳದಿಂದ ಹೊರಗೆ ಬಂತು, ಗಂಡ ನಕ್ಕ, ಇಬ್ಬರೂ ಗುಮಾಸ್ತರಾದ್ರೆ ಒಂದು ಲೋಟ ಟೀಗೆ ನಾನು ಯಾರ ಮೇಜಿಗೆ ಅರ್ಜಿ ಕೊಡಬೇಕು. ಹುಡುಗಾಟಕ್ಕೆ ಹಾಕಿದ್ದು, ಮಗಳಿಗೆ ಜೊತೆಯಾಗಲಿ ಅಂತ ಹಾಕಿದ್ದು, ಹಾಗಂತಲೇ ಎಲ್ಲರಿಗೂ ಹೇಳಿದ್ದು. ಆದರೆ ಮಾದರಿ ಪರೀಕ್ಷೆಯಲ್ಲಿ ಮಗಳಿಗೆ ಅರವತ್ತಾರು ಬಂದ ದಿನ ತನಗೆ ಎಪ್ಪತ್ತೊಂದು ಬಂದಿತ್ತು, ಮೂರು ಸಲ ತಾಳೆ ನೋಡಿದ್ದಳು, ಎಪ್ಪತ್ತೊಂದೇ, ನಿಂಗೆಷ್ಟಮ್ಮ ಎಂದಾಗ ಐವತ್ತೆರಡು ಎಂದು ಬಾಯಿಗೆ ಬಂತು. ಪರವಾಗಿಲ್ಲ ಬಿಡಮ್ಮ, ಶುರುವಿಗೆ ಒಳ್ಳೇದೇ, ಎಂದು ಬೆನ್ನು ತಟ್ಟಿದಳು ಹುಡುಗಿ. ಆ ಹಾಳೆಯನ್ನು ಹರಿದುಹಾಕಲು ಮನಸ್ಸಾಗದೆ ಮಿಷನ್ನಿನ ಡ್ರಾಯರಿನಲ್ಲಿ ದಾರದುಂಡೆಗಳ ಕೆಳಗೆ ಇಟ್ಟಿದ್ದಾಳೆ.

ಎಪ್ಪತ್ತಮೂರು. ಗಡಿಯಾರದಲ್ಲಿ ಮೂರೂವರೆ ಆಗಿರುವಾಗ ಎರಡು ಮುಳ್ಳುಗಳ ನಡುವಿನ ಕೋನ ಎಷ್ಟು — ಬಂದೇಬಿಟ್ಟಿತು, ನಾಲ್ಕು ಸೊನ್ನೆಗಳು, ತೊಂಬತ್ತು, ಎಪ್ಪತ್ತೈದು, ಅರವತ್ತು, ನೂರೈದು. ಮೂರು ವಾರದ ಹಿಂದೆ ತಾನು ಹುರುಳಿಕಾಯಿ ಬಿಡಿಸುತ್ತ ಇದನ್ನೇ ಓದಿದಾಗ ಮಗಳು ಹೊಸ್ತಿಲ ಮೇಲೆ ಕೂತು, ತೊಂಬತ್ತು, ಮುಂದಿನದು ಓದು, ಎಂದಿದ್ದಳು. ತೊಂಬತ್ತು ಹೇಗಾಗುತ್ತೇ, ಮೂರೂವರೆಗೆ ಸಣ್ಣ ಮುಳ್ಳು ಮೂರರ ಮೇಲೆ ಇರಲ್ಲ ಕಣೇ. ಪುಸ್ತಕದ ಹಿಂದೆ ತೊಂಬತ್ತು ಅಂತಾನೇ ಇದೆ, ಬರೆದೋರಿಗಿಂತ ನಿಂಗೆ ಜಾಸ್ತಿ ಗೊತ್ತಾ. ಗೊತ್ತು, ಎನ್ನಬೇಕಿತ್ತು, ಅಚ್ಚಿನಲ್ಲಿ ತಪ್ಪಾಗಿದೆ ಎನ್ನಬೇಕಿತ್ತು, ಇಪ್ಪತ್ತು ವರ್ಷ ದಿನಾ ಮೂರೂವರೆಯ ಟೀ ಗಂಟೆಗೆ ಕಾದು ಕಾದು ಆ ಸಣ್ಣ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣು ಮುಚ್ಚಿ ತೋರಿಸಬಲ್ಲೆ, ಮೂರು ಬಿಟ್ಟಿರುತ್ತದೆ, ನಾಲ್ಕು ಮುಟ್ಟಿರುವುದಿಲ್ಲ, ಅಲ್ಲಿಂದ ದೊಡ್ಡ ಮುಳ್ಳಿರುವ ಆರಕ್ಕೆ ಎರಡೂವರೆ ಮನೆ, ಒಂದೊಂದು ಮನೆಗೆ ಮೂವತ್ತು ಡಿಗ್ರಿ, ಎಪ್ಪತ್ತೈದು. ಹೇಳಲಿಲ್ಲ. ಅವತ್ತು ಅವಳ ಮುಖ ಸಪ್ಪೆಯಾಗಿತ್ತು, ಅದಕ್ಕೆ ಹೇಳಲಿಲ್ಲ ಎಂದುಕೊಳ್ಳೋಣ, ಮಾರನೆಯ ದಿನ ಇತ್ತಲ್ಲ, ಮೂರು ವಾರ ಇತ್ತಲ್ಲ. ಅವಳಿಗೆ ಗೊತ್ತಿಲ್ಲದ್ದು ಒಂದು, ಒಂದೇ ಒಂದು, ತನ್ನ ಹತ್ತಿರ ಇರಲಿ ಅನ್ನಿಸಿತ್ತು, ಹೆತ್ತವಳಿಗೆ ಹಾಗನ್ನಿಸಬಹುದೇ, ಅನ್ನಿಸಿತ್ತಲ್ಲ, ಏನು ಮಾಡುವುದು. ಈಗ ಕೆಳಗೆ ಅವಳ ಪೆನ್ನು ತೊಂಬತ್ತರ ಸೊನ್ನೆಯನ್ನು ತುಂಬುತ್ತಿರುತ್ತದೆ, ನೀಟಾಗಿ, ಗೆರೆ ದಾಟದೆ, ತಪ್ಪಿಗೆ ಕಾಲು ಅಂಕ ಕಡಿತ ಬೇರೆ.

ಬಿಟ್ಟುಬಿಡಲೇ, ಖಾಲಿ, ಇಬ್ಬರಿಗೂ ಇಲ್ಲದಂತೆ — ಬಿಟ್ಟರೆ ಅವಳದು ಸರಿಯಾಗುತ್ತದೆಯೇ, ತಾನು ಉಪವಾಸವಿದ್ದರೆ ಮಗಳ ಹೊಟ್ಟೆ ತುಂಬುತ್ತದೆಯೇ, ಆ ಕಾಲ ಹೋಯಿತು. ಇನ್ನೊಂದು ಮಾತೂ ಇದೆ, ಹೇಳಿಕೋ ಕಾಲರಕ್ಕ, ಇಲ್ಲಿ ಕೇಳುವವರು ಯಾರಿದ್ದಾರೆ: ನನಗೆ ಬೇಕು. ಕಿಟಕಿ ಪಕ್ಕ ಒಂದು ಮೇಜು, ಬೆನ್ನಿಗೆ ಒರಗು ಇರುವ ಕುರ್ಚಿ, ಕಾಗದದ ಕೆಳಗೆ ನನ್ನ ಸಹಿ, ಪೂರ್ತಿ ಹೆಸರಿನದು, ಬೇಕು, ಮಗಳಿಗೆ ಬೇಕಾದಷ್ಟೇ ಬೇಕು. ಪೆನ್ನು ಎಪ್ಪತ್ತೈದರ ಸೊನ್ನೆಗೆ ಇಳಿಯುತ್ತದೆ, ಅಂಚಿನಿಂದ ಒಳಕ್ಕೆ, ಮಗಳು ಹೇಳಿಕೊಟ್ಟ ಹಾಗೆಯೇ, ಶಾಯಿ ಆಚೆ ಹೋಗದ ಹಾಗೆ, ಕಪ್ಪಾಯಿತು, ಕಣ್ಣು ತುಂಬಿದೆ. ಟಣ್ ಎಂದು ಗಂಟೆ, ಇನ್ನು ಅರ್ಧ ಗಂಟೆ ಇದೆ, ಎನ್ನುತ್ತಾರೆ ಕೊಠಡಿಯ ಮೇಡಮ್, ಕಾಲು ಅಭ್ಯಾಸಬಲದಿಂದ ಟೀಗೆ ಏಳಲು ಹೊರಡುತ್ತದೆ, ತಲೆ ಎತ್ತುತ್ತಾಳೆ, ಕಪ್ಪುಹಲಗೆಯ ಮೇಲೆ ಗೋಡೆಗಡಿಯಾರ, ಮೂರೂವರೆ. ಉತ್ತರ ಅಲ್ಲೇ ನೇತಾಡುತ್ತಿದೆ, ಎಲ್ಲರಿಗೂ ಕಾಣುವ ಹಾಗೆ, ಈ ಕೊಠಡಿಯಲ್ಲಿ ಇದೆಯೆಂದರೆ ಕೆಳಗಿನದರಲ್ಲೂ ಇರುತ್ತದೆ, ಇರಲೇಬೇಕು. ಶಾಯಿ ತುಂಬಿಯಾಗಿದ್ದರೆ ತಿದ್ದಲು ಆಗದು, ಆದರೆ ಅವಳಿಗೆ ಅನುಮಾನ ಬಂದದ್ದನ್ನು ಕೊನೆಗೆ ಬಿಡುವ ಅಭ್ಯಾಸ, ಇದನ್ನೂ ಬಿಟ್ಟಿದ್ದರೆ, ಅಮ್ಮ ಏನೋ ಅಂದಿದ್ದಳಲ್ಲ ಎಂದು ಒಂದು ಗಳಿಗೆ ತಡೆದಿದ್ದರೆ, ಎತ್ತೇ, ತಲೆ ಎತ್ತೇ ಮಗಳೇ, ಒಂದೇ ಒಂದು ಸಲ ಮೇಲೆ ನೋಡೇ. ಎತ್ತುವುದಿಲ್ಲ ಅವಳು, ಅಮ್ಮ ಬೇಡ ಅಂದಿದ್ದಾಳೆ, ಹಾಳೆ ಬಿಟ್ಟು ಇನ್ನೇನೂ ನೋಡಬೇಡ ಅಂದಿದ್ದಾಳೆ. ಎಪ್ಪತ್ತನಾಲ್ಕು, ಓದು, ಎಪ್ಪತ್ತನಾಲ್ಕು, ಅಕ್ಷರ ಕಾಣುತ್ತಿಲ್ಲ, ಸುತ್ತ ಬಗ್ಗಿದ ತಲೆಗಳು, ಬಗ್ಗಿದ ಕಾಲರುಗಳು, ಮೇಲೆ ಸಣ್ಣ ಮುಳ್ಳು, ಮೂರು ಬಿಟ್ಟಿದೆ, ನಾಲ್ಕು ಮುಟ್ಟಿಲ್ಲ, ಸಣ್ಣ ಮುಳ್ಳು