ಹೊತ್ತು ನೋಡಿ ಬಂದ ಗಂಗವ್ವ

ಮೊಣಕಾಲಿನ ಆಪರೇಷನ್ ಆಗಿ ಮತ್ತೆ ನಡೆಯುವಂತಾದರೆ, ಒಂದು ದಿನ ಹರಿಯುವ ನೀರಿನಲ್ಲಿ ಲಿಂಗಪೂಜೆ ಮಾಡಿಯೇ ಉಣ್ಣುವೆನೆಂದು ಶಿವಕ್ಕ ಹರಕೆ ಹೊತ್ತಿದ್ದಳು. ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿರುವ ಮಗ ಸೊಸೆಯ ಜೊತೆ ಇಟಲಿ ನೋಡಲು ಬಂದವಳು, ಅಂದು ಬೆಳಗಿನಿಂದ ಉಪವಾಸವಿದ್ದು ಹಳ್ಳಿಗಾಡಿನ ಜಲಪಾತಕ್ಕೆ ನಡೆದೇ ಬಂದಳು. ನೋಡಿದರೆ ಬರೀ ಒಣ ಬಂಡೆ.

“ಅತ್ತಿ, ಭಾಳ ಹೊತ್ತಾತ್ರಿ. ಬಾಟ್ಲಿ ನೀರಾಗ ಮುಗಿಸಿಬಿಡ್ರಿ,” ಎಂದಳು ಸೊಸೆ ಶ್ರೀದೇವಿ.

“ಬಾಟ್ಲಿ ನೀರು ಫೇರ್‌ಫ್ಯಾಕ್ಸ್‌ನಾಗ ಇರಲಿಲ್ಲೇನವ್ವಾ?” ಶಿವಕ್ಕ ಕಲ್ಲಿನ ಮೇಲೆ ಕೂತಳು.

ಮಗ ಕಲ್ಮೇಶ್ ಅಲ್ಲಿಯ ಕಾವಲುಗಾರನನ್ನು ಕೇಳಿ ಬಂದ. “ಯವ್ವಾ, ಕರೆಂಟ್ ಮಾಡಾಕ ನೀರು ಮ್ಯಾಲೆ ತಡದಾರಂತ. ದಿನಾ ಟೈಮಿಗೆ ಸರಿಯಾಗಿ ಬಿಡ್ತಾರಂತ, ಈಗ ಗೇಟ್ ಓಪನ್ ಮಾಡ್ತಾರಂತ.”

ಸೈರನ್ ಕೂಗಿತು. ಬಂಡೆಯ ನೆತ್ತಿಯಿಂದ ನೀರು ಧುಮುಕಿ, ಶಿವಕ್ಕನ ಕಾಲ ಬಳಿಯ ತೊರೆ ತುಂಬಿ ಹರಿಯಿತು. ಅವಳು ಕೊರಳ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು, ಆ ನೀರು ಮೊಗೆದು ಪೂಜೆ ಮುಗಿಸಿದಳು.

“ಇಲ್ಲೆ ಗಂಗವ್ವನೂ ಟೈಮ್ ನೋಡಿ ಬರ್ತಾಳ್ರಿ ಅತ್ತಿ,” ಎಂದು ಶ್ರೀದೇವಿ ನಕ್ಕಳು.

“ಬಂದಳಲ್ಲ, ಸಾಕು. ಬುತ್ತಿ ಬಿಚ್ಚು.”