ಎಡಕ್ಕೇ ತಿರುಗುವ ಗುರಿ

ಬೆನ್ನಟ್ಟುವುದು ಬೇರೆ, ಅಡ್ಡಹಾಕುವುದು ಬೇರೆ. ಗುರಿ ಈಗಿರುವ ಜಾಗಕ್ಕೇ ಮೂಗಿಟ್ಟು ಓಡಿದರೆ ಅದರ ಬಾಲವೇ ಗತಿ. ಅದು ಕಾಣುವ ದಿಕ್ಕು ಕದಲದ ಹಾಗೆ ತನ್ನ ದಾರಿಯನ್ನು ತಿರುಗಿಸಿಕೊಳ್ಳುತ್ತ ಹೋದರೆ ಡಿಕ್ಕಿ ತಪ್ಪದು. ಕ್ಷಿಪಣಿಗೆ ಈ ಬುದ್ಧಿ ಕಲಿಸುವುದೇ ಅವಳ ಕೆಲಸ. ಆದರೆ ಗುರಿ ಕೊನೇ ಗಳಿಗೆಯಲ್ಲಿ ಥಟ್ಟನೆ ಹೊರಳಿದರೆ ಕ್ಷಿಪಣಿ ತಡವಾಗಿ ಎಚ್ಚೆತ್ತು ಪಕ್ಕದಲ್ಲೇ ಹಾರಿಹೋಗುತ್ತಿತ್ತು.

ಹಾಗೆ ಹೊರಳಿಸುತ್ತಿದ್ದವನು ಅವಳ ಸ್ವಂತ ಭಾವ. ಮೈದಾನದಲ್ಲಿ ನಿಂತು, ಕಣ್ಣನ್ನು ಮುಗಿಲಿಗೆ ನೆಟ್ಟು, ಗುರಿಯ ಪುಟ್ಟ ವಿಮಾನವನ್ನು ರಿಮೋಟಿನಲ್ಲಿ ಆಡಿಸುವುದರಲ್ಲಿ ಅವನದು ಎತ್ತಿದ ಕೈ.

"ಏನಮ್ಮಾ ನಾದಿನಿ, ನಿನ್ನ ಬಾಣಕ್ಕೆ ಕನ್ನಡಕ ಹಾಕಿಸೋಣ್ವಾ?" ಎಂದು ಪ್ರತಿ ಸಲವೂ ಎಲ್ಲರೆದುರು ಛೇಡಿಸುತ್ತಿದ್ದ. ಇನ್ನೊಮ್ಮೆ ತಪ್ಪಿದರೆ ಈ ಕೆಲಸ ಬೇರೆಯವರಿಗೆ ಎಂದು ನಿರ್ದೇಶಕರು ಹೇಳಿಬಿಟ್ಟಿದ್ದರು.

ಆ ಭಾನುವಾರ ಅಕ್ಕ ಬಟ್ಟೆ ಮಡಚುತ್ತ ಗುಟ್ಟು ಬಿಟ್ಟಳು. "ನಿಮ್ಮ ಭಾವಂಗೆ ಕುತ್ತಿಗೆ ಹಿಡ್ಕೊಂಡಿದೆ ಕಣೇ, ಬಲಕ್ಕೆ ತಿರುಗಲ್ಲ. ಆಫೀಸಲ್ಲಿ ಬಾಯಿಬಿಟ್ಟೀಯ ಮತ್ತೆ, ಕೆಲಸದಿಂದ ಇಳಿಸಿಬಿಡ್ತಾರೆ."

"ಅಯ್ಯೋ ಪಾಪ! ಒಂಚೂರೂ ತಿರುಗಲ್ವಾ?"

"ಒಂಚೂರೂ ಇಲ್ಲ."

ಮರುದಿನ ಹಳೆಯ ಹಾರಾಟಗಳ ದಾಖಲೆಗಳನ್ನೆಲ್ಲ ತೆಗೆದು ನೋಡಿದಳು. ವಿಮಾನ ಬಲಕ್ಕೆ ಹೋದರೆ ನೋಟವೂ ಬಲಕ್ಕೆ ಹೋಗಬೇಕು. ಮೈ ತಿರುಗಿಸಿ ನಿಲ್ಲುವಷ್ಟರಲ್ಲಿ ಆಟ ಮುಗಿದಿರುತ್ತದೆ. ಇತ್ತೀಚೆಗೆ ಭಾವ ತಪ್ಪಿಸಿಕೊಂಡದ್ದೆಲ್ಲ ಎಡಕ್ಕೇ. ಗುರಿ ತಿರುಗುವ ಮೊದಲೇ ಕ್ಷಿಪಣಿ ಎಡಕ್ಕೆ ವಾಲುವಂತೆ ಪ್ರೋಗ್ರಾಮು ತಿದ್ದಿದಳು.

ಪರೀಕ್ಷೆಯ ದಿನ ವಿಮಾನ ಎಡಕ್ಕೆ ಹೊರಳಿತು. ಕ್ಷಿಪಣಿ ಅಲ್ಲೇ ಕಾದಿದ್ದಂತೆ ಬಂದು ಬಡಿಯಿತು.

"ಭಲೆ! ಎಡಕ್ಕೇ ಅಂತ ಹೇಗೆ ಗೊತ್ತಾಯ್ತಮ್ಮ?" ನಿರ್ದೇಶಕರು ಕೇಳಿದರು.

ಲೆಕ್ಕಾಚಾರ ಎಂದು ಹೇಳಿ ಮುಗಿಸಬಹುದಿತ್ತು. ಕನ್ನಡಕದ ಮಾತು ನೆನಪಾಯಿತು.

"ಅವರ ಕುತ್ತಿಗೆ ಬಲಕ್ಕೆ ತಿರುಗಲ್ಲ ಸರ್."

"ಹೌದೇನ್ರೀ? ಎಲ್ಲಿ, ಬಲಕ್ಕೆ ನೋಡಿ."

ಭಾವ ಇಡೀ ಮೈಯನ್ನೇ ತಿರುಗಿಸಿ ನೋಡಿದ. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ರಿಮೋಟನ್ನು ನಿರ್ದೇಶಕರೇ ಅವನ ಕೈಯಿಂದ ತೆಗೆದುಕೊಂಡರು.

ಸಂಜೆ ಅಕ್ಕನ ಫೋನು ಬಂತು. ಅಳುತ್ತಿದ್ದಳು. "ಯಾರೋ ಚಾಡಿ ಹೇಳಿದ್ದಾರೆ ಕಣೇ. ಯಾರು ಅಂತ ಕೇಳಿದ್ರೆ ಇವರು ಬಾಯೇ ಬಿಡ್ತಿಲ್ಲ. ನಾನಂತೂ ನಿನ್ನ ಬಿಟ್ಟು ಇನ್ಯಾರಿಗೂ..."

ಮಾತು ಅಲ್ಲೇ ನಿಂತಿತು.

"ಭಾವನ ಕುತ್ತಿಗೆ ಈಗ ಹೇಗಿದೆ ಅಕ್ಕಾ?" ಎಂದು ಕೇಳಿದಳು.